ಸೀರೆ ಉಟ್ಟ ಗಂಡಸರು, ಗದೆ ಹಿಡಿದ ಹೆಂಗಸರು

ಹೆಣ್ಣಿನ ಪಾತ್ರವನ್ನು ಗಂಡಸೇ ಮಾಡುವ ವಾಡಿಕೆ ಕನ್ನಡ ನಾಡಿನ ಆಟಗಳಲ್ಲಿ ಬಹಳ ಹಳೆಯದು. ಕರಾವಳಿಯ ಯಕ್ಷಗಾನ, ಬಯಲುಸೀಮೆಯ ದೊಡ್ಡಾಟ, ಹಳೇ ಮೈಸೂರಿನ ಮೂಡಲಪಾಯ ಎಲ್ಲದರಲ್ಲೂ ದ್ರೌಪದಿ, ಸುಭದ್ರೆ, ಚಂದ್ರಮತಿಯರು ಮೀಸೆ ಬೋಳಿಸಿಕೊಂಡೇ ರಂಗಕ್ಕೆ ಬರುತ್ತಿದ್ದರು. 19ನೇ ಶತಮಾನದ ಕೊನೆಯಲ್ಲಿ ಹುಟ್ಟಿಕೊಂಡ ಕಂಪನಿ ನಾಟಕಗಳು ಪರದೆ, ಹಾರ್ಮೋನಿಯಂ, ಟಿಕೆಟ್ಟು ಎಂದು ಎಷ್ಟೆಲ್ಲ ಹೊಸತನ್ನು ತಂದರೂ ಈ ಒಂದು ವಿಷಯದಲ್ಲಿ ಹಳೆಯ ದಾರಿಯನ್ನೇ ಹಿಡಿದವು. ಹೆಂಗಸರು ಸಿಗದ ಕಾಲದಲ್ಲಿ ಗಂಡಸರು ಸೀರೆ ಉಟ್ಟರು, ಅಷ್ಟೇ, ಎಂದು ಈ ಪದ್ಧತಿಯನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡುವುದುಂಟು. ಅದು ಅರ್ಧ ನಿಜ. ಅನಿವಾರ್ಯದಿಂದ ಶುರುವಾದದ್ದು ಒಂದು ವಿದ್ಯೆಯಾಗಿ ಬೆಳೆಯಿತು. ರಂಗದ ಮೇಲಿನ ಹೆಣ್ಣು ಹೇಗೆ ನಡೆಯಬೇಕು, ಹೇಗೆ ನಾಚಬೇಕು, ಹೇಗೆ ಅಳಬೇಕು ಎಂಬುದನ್ನೆಲ್ಲ ಆ ವಿದ್ಯೆಯೇ ಗೊತ್ತುಮಾಡಿತು. ಮುಂದೆ ಹೆಂಗಸರೇ ಬಣ್ಣ ಹಚ್ಚಿದಾಗ ಗಂಡಸರು ಹಾಕಿಕೊಟ್ಟಿದ್ದ ಆ ಅಳತೆಗೆ ಅವರೂ ಒಗ್ಗಬೇಕಾಯಿತು.

ಶಾಸ್ತ್ರಕಾರರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಪಾತ್ರ ಹಂಚುವ ಕ್ರಮವನ್ನು ಹೇಳುವಾಗ ಭರತನ ನಾಟ್ಯಶಾಸ್ತ್ರ ಮೂರು ಬಗೆಗಳನ್ನು ಹೆಸರಿಸುತ್ತದೆ. ನಟನ ವಯಸ್ಸು, ಲಿಂಗಗಳು ಪಾತ್ರಕ್ಕೆ ಹೊಂದಿಕೊಂಡಿದ್ದರೆ ಅನುರೂಪ. ಹುಡುಗ ಮುದುಕನಾದರೆ, ಮುದುಕ ಹುಡುಗನಾದರೆ ವಿರೂಪ. ಗಂಡು ಹೆಣ್ಣಾಗಿ, ಹೆಣ್ಣು ಗಂಡಾಗಿ ಅಭಿನಯಿಸಿದರೆ ರೂಪಾನುಸಾರಿಣಿ. ಗಂಡಿನ ಪಾತ್ರ ಮಾಡುವ ಹೆಣ್ಣಿಗೂ ಅಲ್ಲಿ ಸಮಾನ ಜಾಗವಿದೆ ಎಂಬುದನ್ನು ಗಮನಿಸಬೇಕು. ಸ್ತ್ರೀವೇಷದ ನರ್ತಕನನ್ನು ಪತಂಜಲಿಯ ಮಹಾಭಾಷ್ಯ ಬಲ್ಲದು. ಅಮರಕೋಶದಲ್ಲಿ ಅವನಿಗೆ ಭ್ರೂಕುಂಸ ಎಂಬ ಹೆಸರೇ ಇದೆ. ಪಕ್ಕದ ಕೇರಳದ ಕೂಡಿಯಾಟ್ಟದಲ್ಲಿ ನಂಙ್ಯಾರ್ ಮನೆತನದ ಹೆಂಗಸರೇ ಹೆಣ್ಣಿನ ಪಾತ್ರ ಮಾಡುತ್ತ ಬಂದರು. ಎಂದರೆ ಹೆಣ್ಣನ್ನು ರಂಗದಿಂದ ಹೊರಗಿಡಲು ಶಾಸ್ತ್ರದ ಕಟ್ಟಳೆಯೇನೂ ಇರಲಿಲ್ಲ. ರಾತ್ರಿಯಿಡೀ ಬಯಲಲ್ಲಿ ಆಟ, ಬೆಳಗಾದರೆ ಇನ್ನೊಂದು ಊರಿಗೆ ನಡಿಗೆ, ತಿಂಗಳುಗಟ್ಟಲೆ ಮನೆಯ ಮುಖ ಕಾಣದ ತಿರುಗಾಟ, ಅದರ ಮೇಲೆ ಊರಿನ ಬಾಯಿ: ಅಡ್ಡಿ ಇದ್ದದ್ದು ಇಲ್ಲಿ.

ಈ ವಿದ್ಯೆ ಎಷ್ಟು ಕಟ್ಟುನಿಟ್ಟಾಗಿ ಬೆಳೆಯಿತು ಎಂಬುದನ್ನು ಯಕ್ಷಗಾನದಲ್ಲಿ ಕಾಣಬಹುದು. ಮೇಳಕ್ಕೆ ಸೇರಿದ ಹುಡುಗ ನೇರವಾಗಿ ಅರ್ಜುನನೋ ಕರ್ಣನೋ ಆಗುತ್ತಿರಲಿಲ್ಲ. ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಅದಾದ ಮೇಲೆ ಪೂರ್ವರಂಗದ ಪೀಠಿಕಾ ಸ್ತ್ರೀವೇಷ. ಪ್ರಸಂಗ ಶುರುವಾಗುವ ಮುಂಚೆ ಕುಣಿಯುವ ಈ ಸ್ತ್ರೀವೇಷಕ್ಕೆ ಕಥೆಯೂ ಇಲ್ಲ, ಮಾತೂ ಇಲ್ಲ. ತಾಳಕ್ಕೆ ತಪ್ಪದೆ, ಮೈಯನ್ನು ಬಿಗಿಯದೆ ಕುಣಿಯುವುದಷ್ಟೇ ಕೆಲಸ. ಮುಂದೆ ಪುಂಡುವೇಷಕ್ಕೋ ರಾಜವೇಷಕ್ಕೋ ಹೋಗುವವನೂ ಈ ಮೆಟ್ಟಿಲನ್ನು ಹತ್ತಿಯೇ ಹೋಗಬೇಕು. ಹೀಗಾಗಿ ಗದೆ ಬೀಸಿ ಅಬ್ಬರಿಸುವ ಕಲಾವಿದನ ಮೈಯೊಳಗೂ ಹಿಂದೆ ಕಲಿತ ಲಾಸ್ಯ ಎಲ್ಲೋ ಉಳಿದಿರುತ್ತದೆ.

ಎಲ್ಲ ಹೆಣ್ಣೂ ಒಂದೇ ವೇಷವಲ್ಲ. ದಾಕ್ಷಾಯಿಣಿ, ದಮಯಂತಿ, ಸುಭದ್ರೆಯರದು ಗರತಿಯ ವೇಷ: ಸೀರೆ, ತುರುಬು, ಮಿತವಾದ ಬಣ್ಣ. ಪ್ರಮೀಳೆ, ಶಶಿಪ್ರಭೆಯರಂಥ ರಣರಂಗದ ಹೆಣ್ಣುಗಳದು ಕಸೆ ಸ್ತ್ರೀವೇಷ; ಕುಣಿತದಲ್ಲಿ ವೀರ, ಮಾತಿನಲ್ಲಿ ಶೃಂಗಾರ ಎರಡೂ ಬೇಕು. ಶೂರ್ಪನಖಿ, ತಾಟಕಿ, ಪೂತನಿಯರು ತೆಂಕುತಿಟ್ಟಿನಲ್ಲಿ ಹೆಣ್ಣುಬಣ್ಣಕ್ಕೆ ಸೇರಿದವರು. ಅವರನ್ನು ಸ್ತ್ರೀವೇಷದವನು ಮಾಡುವುದಿಲ್ಲ, ಬಣ್ಣದ ವೇಷದವನು ಮಾಡುತ್ತಾನೆ. ಮುಖದ ತುಂಬ ಗಾಢವಾದ ಬರವಣಿಗೆ, ಎದ್ದು ಕಾಣುವ ಕೃತಕ ಸ್ತನ, ಎದೆ ನಡುಗಿಸುವ ಆರ್ಭಟ. ಅದೇ ಶೂರ್ಪನಖಿ ರಾಮನನ್ನು ಒಲಿಸಿಕೊಳ್ಳಲು ಮಾಯಾರೂಪ ತಾಳಿದ ಕೂಡಲೇ ವೇಷವೂ ಬದಲು, ಕಲಾವಿದನೂ ಬದಲು. ಸ್ತ್ರೀವೇಷದವನು ಮಾಯಾ ಶೂರ್ಪನಖಿಯಾಗಿ ಬರುತ್ತಾನೆ. ಒಂದೇ ಪಾತ್ರವನ್ನು ಎರಡು ದೇಹಗಳು ಹಂಚಿಕೊಂಡರೂ ನೋಡುವವರಿಗೆ ಗೊಂದಲವಾಗುವುದಿಲ್ಲ. ಯಾರೂ ಅದನ್ನು ಬಿಡಿಸಿ ಹೇಳುವುದೂ ಇಲ್ಲ.

ಬಣ್ಣ ಹಚ್ಚಿಕೊಳ್ಳುವ ಜಾಗವಾದ ಚೌಕಿಯಲ್ಲಿ ಕೆಲಸ ಸಂಜೆಯೇ ಶುರು. ಯಕ್ಷಗಾನದಲ್ಲಿ ಕಲಾವಿದ ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುತ್ತಾನೆ. ಹಿಂದೆ ನೆಲದ ಮೇಲೆ ಕೂತು, ದೀಪದ ಬೆಳಕಿನಲ್ಲಿ, ಒಂದು ಕೈಯಲ್ಲಿ ಕನ್ನಡಿ ಹಿಡಿದು ಅರದಾಳ, ಸಫೇದ, ಇಂಗಳೀಕಗಳನ್ನು ಹದವಾಗಿ ಬೆರೆಸಿ ಹಚ್ಚಿಕೊಳ್ಳಬೇಕಿತ್ತು. ಗಡ್ಡದ ಹಸಿರು ಛಾಯೆ ಮುಚ್ಚುವಷ್ಟು ದಪ್ಪವಾಗಿರಬೇಕು, ಮುಖದ ಸ್ನಾಯುಗಳ ಚಲನೆ ಮರೆಯಾಗದಷ್ಟು ತೆಳುವಾಗಿಯೂ ಇರಬೇಕು. ಕಣ್ಣಿಗೆ ಕಾಡಿಗೆ, ಹುಬ್ಬಿಗೆ ತಿದ್ದುಗೆರೆ, ಹಣೆಗೆ ಬೊಟ್ಟು. ಆಮೇಲೆ ಚೌರಿ ಕೂದಲಿನ ತುರುಬು, ಆಭರಣ, ಸೀರೆ. ಇಷ್ಟು ಮುಗಿಯುವ ಹೊತ್ತಿಗೆ ಕೂತ ಭಂಗಿ ಬದಲಾಗಿರುತ್ತದೆ, ಮಾತು ಕಡಿಮೆಯಾಗಿರುತ್ತದೆ. ಬಣ್ಣ ಬರೆಯುವ ಆ ಹೊತ್ತು ಮುಖಕ್ಕಿಂತ ಮನಸ್ಸಿಗೇ ಹೆಚ್ಚು ಬೇಕಾದದ್ದು ಎನ್ನಬಹುದು.

ರಂಗಕ್ಕೆ ಬಂದ ಮೇಲೆ ಸೀರೆಯಿಂದ ಆಗುವ ಕೆಲಸ ಅಲ್ಪ. ಒಳ್ಳೆಯ ಸ್ತ್ರೀವೇಷಧಾರಿ ಸ್ವರವನ್ನು ಕೀರಲು ಮಾಡುವುದಿಲ್ಲ, ಮೆತ್ತಗೆ ಮಾಡುತ್ತಾನೆ. ಹೆಜ್ಜೆಯ ಅಂತರ ಕಿರಿದು, ಮೊಣಕೈ ಮೈಗೆ ಹತ್ತಿರ, ನೋಟ ಎದುರಾಳಿಯ ಕಣ್ಣಿಗಿಂತ ತುಸು ಕೆಳಗೆ. ಬಳುಕು ಹೆಚ್ಚಿದರೆ ಗರತಿ ಹೋಗಿ ಗಣಿಕೆಯಾದಳು, ಕಡಿಮೆಯಾದರೆ ಸೀರೆ ಉಟ್ಟ ಗಂಡಸು ಎದ್ದು ಕಂಡ. ತೆಂಕುತಿಟ್ಟಿನ ಕೋಳ್ಯೂರು ರಾಮಚಂದ್ರ ರಾವ್, ಪಾತಾಳ ವೆಂಕಟರಮಣ ಭಟ್ ಅವರಂಥವರು ಹೆಸರಾದದ್ದು ಈ ಅಳತೆಯನ್ನು ಸಾಧಿಸಿದ್ದರಿಂದ. ಮನೆಯಲ್ಲಿ, ಬೀದಿಯಲ್ಲಿ, ಕೆರೆಕಟ್ಟೆಯಲ್ಲಿ ಕಂಡ ಹೆಂಗಸರ ನಡೆಯನ್ನು ಆಯ್ದು, ತಾಳಕ್ಕೆ ಹೊಂದಿಸಿ ಕಟ್ಟಿದ ಹೆಣ್ಣು ಅದು. ಯಾವ ಮನೆಯಲ್ಲೂ ಹಾಗೆ ನಡೆಯುವ ಹೆಣ್ಣು ಸಿಗುವುದಿಲ್ಲ; ಆದರೂ ನೋಡಿದವರಿಗೆ ಗುರುತು ಸಿಗುತ್ತದೆ.

ಪ್ರಸಂಗಗಳೂ ಈ ಆಟವನ್ನು ಇನ್ನಷ್ಟು ಸಿಕ್ಕಾಗಿಸಿದವು. ಭಸ್ಮಾಸುರ ಮೋಹಿನಿಯಲ್ಲಿ ವಿಷ್ಣುವೇ ಹೆಣ್ಣಾಗುತ್ತಾನೆ. ವಿರಾಟನ ಅರಮನೆಯಲ್ಲಿ ಅರ್ಜುನ ಬೃಹನ್ನಳೆ. ಕೀಚಕವಧೆಯಲ್ಲಿ ಸೈರಂಧ್ರಿಯ ಜಾಗದಲ್ಲಿ ಭೀಮ ಕಾದಿರುತ್ತಾನೆ. ಇವನ್ನು ಮಾಡುವ ಕಲಾವಿದನಿಗೆ ಬರಿಯ ಹೆಣ್ಣಾದರೆ ಸಾಲದು, ಹೆಣ್ಣಾಗಲು ಹೊರಟ ಗಂಡಾಗಬೇಕು, ಅದು ಪಕ್ಕದ ವೇಷಕ್ಕೆ ಗೊತ್ತಾಗದೆ ಸಭೆಗೆ ಗೊತ್ತಾಗಬೇಕು. ಅಂಬೆಯ ಕಥೆ ಇನ್ನೂ ಕಷ್ಟದ್ದು. ಭೀಷ್ಮವಿಜಯದಲ್ಲಿ ಆಕೆ ಪ್ರೇಮ, ಅವಮಾನ, ಹಟ, ಸೇಡು ಎಲ್ಲವನ್ನೂ ಹಾದು ಮುಂದಿನ ಜನ್ಮದ ಶಿಖಂಡಿಯತ್ತ ನಡೆಯುತ್ತಾಳೆ. ಸ್ತ್ರೀವೇಷದವನ ಯೋಗ್ಯತೆಯನ್ನು ಒರೆಗೆ ಹಚ್ಚುವ ಪಾತ್ರ ಅದು.

ವೇಷವೇ ಇಲ್ಲದೆ ಹೆಣ್ಣಾಗುವ ಬಗೆಯೊಂದು ತಾಳಮದ್ದಲೆಯಲ್ಲಿದೆ. ಬಿಳಿ ಪಂಚೆ, ಹೆಗಲಿಗೆ ಶಾಲು, ಕೂತ ಜಾಗದಿಂದ ಏಳುವಂತಿಲ್ಲ. ಭಾಗವತರು ಪದ ಹೇಳಿ ನಿಲ್ಲಿಸಿದ ಮೇಲೆ ಅರ್ಥಧಾರಿ ಚಂದ್ರಮತಿಯಾಗಿಯೋ ಮಂಡೋದರಿಯಾಗಿಯೋ ಮಾತಾಡುತ್ತಾನೆ. ತಲೆ ನರೆತಿರಬಹುದು, ಮೀಸೆ ಇರಬಹುದು. ಸ್ವರವನ್ನು ಬದಲಿಸುವವರೂ ಕಡಿಮೆ. ಇಲ್ಲಿ ಪಾತ್ರ ನಿಲ್ಲುವುದು ಮಾತಿನ ತರ್ಕದ ಮೇಲೆ: ಗಂಡ ಮಾರಿದ ಹೆಂಡತಿ ಯಾವ ಪ್ರಶ್ನೆ ಕೇಳಿಯಾಳು, ಯಾವುದನ್ನು ಕೇಳದೆ ನುಂಗಿಕೊಂಡಾಳು ಎಂಬ ಊಹೆಯ ಮೇಲೆ. ಅಭಿನಯದ ಬೇರು ಕಲ್ಪನೆ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಸರಳವಾದ ಸಾಕ್ಷಿ ಇಲ್ಲ.

ಕಂಪನಿ ನಾಟಕದ ಕಥೆಯೂ ಒಂದು ರೀತಿಯಲ್ಲಿ ಕರಾವಳಿಯಿಂದಲೇ ಹೊರಡುತ್ತದೆ. 1840ರ ದಶಕದ ಆರಂಭದಲ್ಲಿ ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳ ಸಾಂಗಲಿಯಲ್ಲಿ ಆಟವಾಡಿತು. ಅದನ್ನು ಕಂಡ ಅಲ್ಲಿನ ಸಂಸ್ಥಾನಿಕರು ಮರಾಠಿಯಲ್ಲೂ ಅಂಥದ್ದು ಬೇಕೆಂದರು. ವಿಷ್ಣುದಾಸ ಭಾವೆ 1843ರಲ್ಲಿ ಸೀತಾ ಸ್ವಯಂವರವನ್ನು ರಂಗಕ್ಕೆ ತಂದರು. ಮರಾಠಿ ಸಂಗೀತ ನಾಟಕಕ್ಕೆ ರೂಪು ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಮುಂದೆ ಮರಾಠಿ ಕಂಪನಿಗಳು ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಲ್ಲಿ ಕ್ಯಾಂಪು ಹೂಡಿ ಜನರನ್ನು ಸೆಳೆದಾಗ ಕನ್ನಡಿಗರಿಗೂ ಛಲ ಹುಟ್ಟಿತು. ಗದುಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಬರೆದು ಆಡಿಸಿದರು. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ಕಂಪನಿ ಹುಟ್ಟಿತು. ಬಸವಪ್ಪ ಶಾಸ್ತ್ರಿಗಳ ಶಾಕುಂತಲ ಅಲ್ಲಿ ಬಣ್ಣ ಕಂಡಿತು. 1884ರಲ್ಲಿ ಗುಬ್ಬಿಯ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಶುರುವಾಯಿತು. ಈ ಎಲ್ಲ ಕಡೆ ಶಕುಂತಲೆ, ದಮಯಂತಿಯರು ಹುಡುಗರೇ.

ಕಂಪನಿಯ ಹುಡುಗನ ಬದುಕು ಹಗುರವಾದದ್ದಲ್ಲ. ಚೆಂದದ ಮುಖ, ಕಂಠ ಇದ್ದ ಬಡಮನೆಯ ಬಾಲಕರನ್ನು ಹುಡುಕಿ ತರುತ್ತಿದ್ದರು. ಊಟ, ಬಟ್ಟೆ, ಪಾಠ ಎಲ್ಲ ಕಂಪನಿಯದು. ಬೆಳಗ್ಗೆ ಸ್ವರಸಾಧನೆ, ಮಧ್ಯಾಹ್ನ ತಾಲೀಮು, ರಾತ್ರಿ ನಾಟಕ. ಮೈಕು ಇಲ್ಲದ ಕಾಲ; ಕೊನೆಯ ಸಾಲಿನ ನೆಲದ ಕ್ಲಾಸಿನವನಿಗೂ ಪದ ಕೇಳಬೇಕಾದರೆ ಏರು ಶ್ರುತಿಯಲ್ಲೇ ಹಾಡಬೇಕು. ನಾಯಕಿಯ ಪಾತ್ರಕ್ಕೆ ಹುಡುಗನ ಕಂಠ ಹೇಳಿ ಮಾಡಿಸಿದಂತಿತ್ತು. ಆದರೆ ಅದು ಒಡೆಯುವ ದಿನ ಬಂದೇ ಬರುತ್ತಿತ್ತು. ನಿನ್ನೆಯವರೆಗೆ ಒನ್ಸ್‌ಮೋರ್ ಗಿಟ್ಟಿಸುತ್ತಿದ್ದ ಹುಡುಗ ಒಂದು ಸೀಸನ್ನಿನಲ್ಲಿ ಯಾರಿಗೂ ಬೇಡವಾಗುತ್ತಿದ್ದ. ಕೆಲವರು ಗಂಡುಪಾತ್ರಕ್ಕೆ ತಿರುಗಿ ಗೆದ್ದರು, ಹಲವರು ಪರದೆ ಎಳೆಯುವ ಕೆಲಸಕ್ಕೆ ಇಳಿದರು. ಬೆಳಗಾವಿ ಜಿಲ್ಲೆಯ ಏಣಗಿ ಬಾಳಪ್ಪ ಗೆದ್ದವರ ಸಾಲಿನವರು. ಎಳವೆಯಲ್ಲಿ ಹೆಣ್ಣುಪಾತ್ರಗಳನ್ನು ಮಾಡುತ್ತಿದ್ದ ಅವರು ಮುಂದೆ ಕಲಾವೈಭವ ನಾಟ್ಯ ಸಂಘವನ್ನು ನಡೆಸಿದರು, ಬಸವೇಶ್ವರನ ಪಾತ್ರದಿಂದ ಮನೆಮಾತಾದರು. 1914ರಲ್ಲಿ ಹುಟ್ಟಿ 2017ರವರೆಗೆ ಬದುಕಿದ್ದ ಅವರು ಸೀರೆಯ ಕಾಲವನ್ನೂ ಅದರ ಕೊನೆಯನ್ನೂ ಕಣ್ಣಾರೆ ಕಂಡವರು.

ಹೆಣ್ಣುಪಾತ್ರದ ಕೀರ್ತಿ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಮರಾಠಿಯ ಬಾಲಗಂಧರ್ವರೇ ಉದಾಹರಣೆ. ನಾರಾಯಣ ಶ್ರೀಪಾದ ರಾಜಹಂಸ ಎಂಬ ಈ ನಟ ಹುಟ್ಟಿದ್ದು 1888ರಲ್ಲಿ. ಕಿರ್ಲೋಸ್ಕರ್ ಕಂಪನಿಯಲ್ಲಿ ಬೆಳೆದು 1913ರಲ್ಲಿ ಗಂಧರ್ವ ನಾಟಕ ಮಂಡಳಿ ಕಟ್ಟಿದರು. ರಂಗದ ಮೇಲೆ ಅವರು ಉಟ್ಟ ಸೀರೆ, ಮುಡಿದ ಹೂವು, ತೊಟ್ಟ ಒಡವೆಗಳನ್ನು ನೋಡಿ ಸ್ಥಿತಿವಂತರ ಮನೆಯ ಹೆಂಗಸರು ತಮ್ಮ ಅಲಂಕಾರ ಬದಲಿಸಿಕೊಂಡರು. ಗಂಡಸೊಬ್ಬ ಕಲ್ಪಿಸಿಕೊಂಡ ಹೆಣ್ಣನ್ನು ಹೆಂಗಸರೇ ಅನುಕರಿಸಿದ ಈ ಪ್ರಸಂಗವನ್ನು ಬರೀ ಮೋಜಿನ ಸಂಗತಿಯಾಗಿ ಹೇಳಿ ಬಿಡುವುದು ಸರಿಯಲ್ಲ. ಹೆಣ್ಣಿಗಿಂತ ಹೆಣ್ಣಾಗಿದ್ದ ಎಂಬ ಹೊಗಳಿಕೆಯ ಒಳಗೆ ನಿಜವಾದ ಹೆಂಗಸರಿಗೆ ಹಾಕಿದ ಒಂದು ಬೇಲಿಯೂ ಇತ್ತು: ಇಷ್ಟು ನಾಜೂಕಾಗಿ ನೀವು ನಾಚಬಲ್ಲಿರಾ ಎಂಬ ಪ್ರಶ್ನೆ.

ಆ ಬೇಲಿಯನ್ನು ಬಾಲಗಂಧರ್ವರ ಕಂಪನಿಯಲ್ಲೇ ದಾಟಿದವರು ಬೀಳಗಿಯ ಗೋಹರಬಾಯಿ ಕರ್ನಾಟಕಿ. ಸೋದರಿ ಅಮೀರಬಾಯಿ ಹಿಂದಿ ಚಿತ್ರಗಳ ಗಾಯಕಿಯಾಗಿ ಹೆಸರಾದರೆ, ಗೋಹರಬಾಯಿ 1938ರ ಸುಮಾರಿಗೆ ಗಂಧರ್ವ ಮಂಡಳಿ ಸೇರಿ, ಬಾಲಗಂಧರ್ವರು ಮಾಡುತ್ತಿದ್ದ ಪಾತ್ರಗಳನ್ನೇ ವಹಿಸಿಕೊಂಡರು. ಅವರು ಹಾಡಿದ್ದು ಬಾಲಗಂಧರ್ವರ ಧಾಟಿಯಲ್ಲಿ. ಹೆಣ್ಣೊಬ್ಬಳು ಹೆಣ್ಣಿನ ಪಾತ್ರವನ್ನು ಗಂಡಸಿನಿಂದ ಕಲಿತು ಒಪ್ಪಿಸಬೇಕಾದ ಕಾಲ ಅದು.

ಹೆಂಗಸರು ರಂಗದಲ್ಲಿ ಅದಕ್ಕೆ ಮುಂಚೆ ಇರಲೇ ಇಲ್ಲವೆಂದಲ್ಲ. ಉತ್ತರ ಕರ್ನಾಟಕದ ಸಣ್ಣಾಟ, ದಾಸರಾಟಗಳಲ್ಲಿ ಅವರು ಕುಣಿದು ಹಾಡುತ್ತಿದ್ದರು. ಶ್ರೀಕೃಷ್ಣ ಪಾರಿಜಾತದಲ್ಲಿ ಕೌಜಲಗಿ ನಿಂಗಮ್ಮನ ಹೆಸರು ದೊಡ್ಡದು. ಆದರೆ ಇವರಲ್ಲಿ ಹೆಚ್ಚಿನವರು ಬಸವಿ, ಕಲಾವಂತ ಮನೆತನಗಳಿಂದ ಬಂದವರು. ಊರು ಅವರ ಹಾಡಿಗೆ ತಲೆದೂಗುತ್ತಿತ್ತು, ಮನೆಯ ಹೊಸ್ತಿಲೊಳಗೆ ಮಾತ್ರ ಬಿಟ್ಟುಕೊಳ್ಳುತ್ತಿರಲಿಲ್ಲ. ಮೈಸೂರು ಸಂಸ್ಥಾನ 1909ರಲ್ಲಿ ಮುಜರಾಯಿ ದೇವಾಲಯಗಳ ದೇವದಾಸಿ ಸೇವೆಯನ್ನು ನಿಲ್ಲಿಸಿದ ಮೇಲೆ ಹಾಡು-ಕುಣಿತ ಬಲ್ಲ ಹೆಂಗಸರಿಗೆ ಹಳೆಯ ಆಸರೆ ಕಳಚಿತು. ನಾಟಕ, ಗ್ರಾಮಫೋನು, ಆಮೇಲೆ ಟಾಕಿ ಅವರ ಮುಂದಿದ್ದ ದಾರಿಗಳು. ಓದಿದವರ ಹವ್ಯಾಸಿ ರಂಗಭೂಮಿ ಈ ವಿಷಯದಲ್ಲಿ ಕಂಪನಿಗಳಿಗಿಂತ ಹಿಂದೆ ಬಿದ್ದಿತ್ತು. ಕಂಪನಿಗಳು ಹೆಂಗಸರನ್ನು ಸೇರಿಸಿಕೊಂಡ ಎಷ್ಟೋ ಕಾಲದ ಮೇಲೂ ಬೆಂಗಳೂರಿನ ಪದವೀಧರರು ಸಾಮಾಜಿಕ ನಾಟಕಗಳಲ್ಲಿ ತಾವೇ ಸೀರೆ ಉಡುತ್ತಿದ್ದರು. ವಿಧವೆಯ ಕಷ್ಟ, ಸೊಸೆಯ ಗೋಳು ಎಲ್ಲ ಅವರ ಬಾಯಿಂದಲೇ. ಇದಕ್ಕೆ ಎದುರಾಗಿ ನಿಂತವರಲ್ಲಿ ಬಳ್ಳಾರಿಯ ವಕೀಲ, ತೆಲುಗು ರಂಗಭೂಮಿಯ ದೊಡ್ಡ ನಟ ಬಳ್ಳಾರಿ ರಾಘವ ಮುಖ್ಯರು. ಸ್ತ್ರೀಪಾತ್ರ ಸ್ತ್ರೀಯರದೇ ಎಂದು ಹಟ ಹಿಡಿದು, ಗೌರವಸ್ಥ ಮನೆಗಳ ಹೆಂಗಸರನ್ನು ಒಪ್ಪಿಸಿ ತಮ್ಮ ಜೊತೆ ರಂಗಕ್ಕೆ ತಂದರು.

ಗುಬ್ಬಿ ಕಂಪನಿಯಲ್ಲಿ ಈ ತಿರುವು 1920ರ ದಶಕದಲ್ಲಿ ಬಂತು. ಗುಬ್ಬಿ ವೀರಣ್ಣನವರು ಹಾಸ್ಯಪಾತ್ರಗಳ ರಾಜ. ಅಷ್ಟೇ ಚುರುಕಿನ ವ್ಯವಹಾರಸ್ಥರು. ಹೆಂಗಸರು ಬಂದರೆ ಗೇಟ್ ಕಲೆಕ್ಷನ್ ಏರುತ್ತದೆಂಬ ಲೆಕ್ಕ ಅವರಿಗೆ ತಿಳಿಯದೆ ಇರಲಿಲ್ಲ. ಸುಂದರಮ್ಮ, ಆಮೇಲೆ ಬಿ. ಜಯಮ್ಮ ನಾಯಕಿಯರಾದರು. ಇಬ್ಬರೂ ವೀರಣ್ಣನವರ ಬಾಳಸಂಗಾತಿಗಳಾದವರು. ಕಂಪನಿ ಒಂದು ಸಂಸಾರದಂತೆ ಆದದ್ದರಿಂದ ನಟಿಯರಿಗೆ ಅಲ್ಲಿ ಒಂದು ಆಶ್ರಯ, ಒಂದು ಗೌರವ ಸಿಕ್ಕಿತು. ಸದಾರಮೆಯನ್ನೇ ನೋಡಿ: ನಾಯಕಿ ಕಥೆಯ ನಡುವೆ ಗಂಡುವೇಷ ತೊಟ್ಟು ಆಪತ್ತಿನಿಂದ ಪಾರಾಗುತ್ತಾಳೆ. ಹುಡುಗ ಆ ಪಾತ್ರ ಮಾಡುತ್ತಿದ್ದಾಗ ಗಂಡು ಹೆಣ್ಣಾಗಿ, ಹೆಣ್ಣು ಮತ್ತೆ ಗಂಡಾಗಿ ಬರುವ ಸುತ್ತು ಅದು. ಸೀರೆ ಕಳಚಿದರೆ ಕೆಲಸ ಅರ್ಧ ಹಗುರ. ನಟಿಗೆ ಬಂದಾಗ ಅದೇ ದೃಶ್ಯಕ್ಕೆ ನಿಜವಾದ ಗಂಡುನಡೆಯನ್ನು ಕಲಿಯಬೇಕಾಯಿತು.

ಟಾಕಿ ಬಂದ ಮೇಲೆ ಸ್ತ್ರೀವೇಷದ ಬಾಗಿಲು ಬೇಗನೆ ಮುಚ್ಚಿತು. 1934ರ ಸತಿ ಸುಲೋಚನ ಚಿತ್ರದಲ್ಲಿ ನಾಯಕಿ ತ್ರಿಪುರಾಂಬ. ದೂರದಿಂದ, ಗ್ಯಾಸ್‌ಲೈಟಿನಲ್ಲಿ, ಹಾಡಿನ ಸೆಳೆತದಲ್ಲಿ ನಂಬಿಸಬಲ್ಲ ಮುಖ ಕ್ಯಾಮೆರಾದ ಹತ್ತಿರದ ನೋಟಕ್ಕೆ ನಿಲ್ಲಲಿಲ್ಲ. ಬಾಲಗಂಧರ್ವರೇ 1935ರ ಧರ್ಮಾತ್ಮದಲ್ಲಿ ಗಂಡುಪಾತ್ರ ಮಾಡಿದರು. 1937ರ ಸಾಧ್ವಿ ಮೀರಾಬಾಯಿಯಲ್ಲಿ ಮೀರೆಯಾದಾಗ ಜನ ಒಪ್ಪಲಿಲ್ಲ. ರಂಗದಲ್ಲಿ ಪ್ರೇಕ್ಷಕನೂ ಅರ್ಧ ಕೆಲಸ ಮಾಡುತ್ತಿದ್ದ, ಕಾಣದ್ದನ್ನು ತುಂಬಿಕೊಳ್ಳುತ್ತಿದ್ದ. ಬೆಳ್ಳಿತೆರೆ ಎಲ್ಲವನ್ನೂ ತಾನೇ ತೋರಿಸಿತು, ಊಹೆಗೆ ಜಾಗ ಬಿಡಲಿಲ್ಲ.

ಕಂಪನಿಗಳಲ್ಲಿ ಹೆಂಗಸರು ನೆಲೆಯೂರಿದ ಮೇಲೆ ಪದ್ಧತಿ ತಿರುಗುಮುರುಗಾಯಿತು. ಮೈಸೂರಿನ ಆರ್. ನಾಗರತ್ನಮ್ಮ ಹಲವು ಕಂಪನಿಗಳಲ್ಲಿ ದುಡಿದು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಅಲ್ಲಿ ಎಲ್ಲ ಪಾತ್ರಗಳೂ ಹೆಂಗಸರವೇ. ನಾಗರತ್ನಮ್ಮ ತಾವು ಕಂಸನಾಗಿ, ಭೀಮನಾಗಿ ಗದೆ ಹಿಡಿದು ನಿಂತರೆ ಸಭೆ ಸ್ತಬ್ಧವಾಗುತ್ತಿತ್ತು. ಗಂಡು ಕಲಾವಿದರು ಹೆಣ್ಣನ್ನು ಕಟ್ಟಿದ ಕ್ರಮದಲ್ಲೇ ಅವರು ಗಂಡನ್ನು ಕಟ್ಟಿದರು: ಅಗಲಿಸಿದ ಕಾಲು, ಎದೆಯಿಂದ ಹೊರಡುವ ದನಿ, ಮೀಸೆಯ ಮೇಲೆ ಆಗಾಗ ಹೋಗುವ ಕೈ, ಕಂದಪದ್ಯವನ್ನು ತುಂಬುಕಂಠದಲ್ಲಿ ಹೊಡೆದು ನಿಲ್ಲಿಸುವ ಗತ್ತು. ಆ ಗಂಡೂ ಬೀದಿಯಲ್ಲಿ ಸಿಗುವ ಗಂಡಲ್ಲ, ಹಳೆಯ ತಲೆಮಾರಿನ ನಟ ವರದಾಚಾರ್ಯರ ಕಾಲದಿಂದ ಕಂಪನಿ ರಂಗಭೂಮಿ ರೂಢಿಸಿಕೊಂಡು ಬಂದ ಪೌರಾಣಿಕ ಗಂಡು. ಆದರೆ ಒಂದು ವ್ಯತ್ಯಾಸವಿದೆ. ಸೀರೆ ಉಟ್ಟ ನಟನಿಗೆ ಬೇರೆ ಪಾತ್ರಗಳೂ ತೆರೆದಿದ್ದವು. ನಾಗರತ್ನಮ್ಮನ ಮಂಡಳಿಯ ಹೆಂಗಸರಿಗೆ ಕಂಸನಾಗುವುದೆಂದರೆ ಸಂಬಳ, ಕ್ಯಾಂಪು, ಪರವಾನಗಿ, ಮಾಲೀಕತ್ವ ಎಲ್ಲವನ್ನೂ ತಾವೇ ಹೊತ್ತು ನಡೆಸುವುದಾಗಿತ್ತು. ಅವರಿಗೆ ಪದ್ಮಶ್ರೀ ಬಂದದ್ದು 2012ರಲ್ಲಿ, ತೀರಿಕೊಂಡ ವರ್ಷವೇ.

ಹೆಣ್ಣು-ಗಂಡು ಎಂಬ ಎರಡೇ ಮನೆಗಳ ಲೆಕ್ಕಕ್ಕೆ ಸಿಗದ ಕಲಾವಿದರೂ ಈ ಚರಿತ್ರೆಯಲ್ಲಿದ್ದಾರೆ. ಬಳ್ಳಾರಿ ಸೀಮೆಯ ಎಲ್ಲಮ್ಮನಾಟವನ್ನು ಜೋಗತಿಯರು, ಜೋಗಪ್ಪಗಳು ಆಡುತ್ತ ಬಂದಿದ್ದಾರೆ. ಎಲ್ಲಮ್ಮ, ಜಮದಗ್ನಿ, ಪರಶುರಾಮ ಎಲ್ಲ ಪಾತ್ರಗಳೂ ಅವರ ನಡುವೆಯೇ ಹಂಚಿಹೋಗುತ್ತವೆ. ಕಾಳವ್ವ ಜೋಗತಿಯ ಶಿಷ್ಯೆಯಾಗಿ ಈ ಆಟದಲ್ಲಿ ಪಳಗಿದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಇಲ್ಲಿ ಸೀರೆ ಆಟ ಮುಗಿದ ಮೇಲೆ ಕಳಚಿಡುವ ವೇಷವಲ್ಲ. ಕಳಚಿಡಬೇಕಾದದ್ದು ಜಮದಗ್ನಿಯ ಗಡ್ಡ.

ಯಕ್ಷಗಾನದಲ್ಲಿ ಹಳೆಯದೂ ಹೊಸದೂ ಒಟ್ಟಿಗೆ ಸಾಗಿವೆ. ಮಂಟಪ ಪ್ರಭಾಕರ ಉಪಾಧ್ಯರು ಶತಾವಧಾನಿ ಆರ್. ಗಣೇಶರ ಸಾಹಿತ್ಯದೊಂದಿಗೆ ಏಕವ್ಯಕ್ತಿ ಪ್ರಯೋಗಗಳನ್ನು ಕಟ್ಟಿ, ಒಬ್ಬಳೇ ನಾಯಿಕೆಯ ಮನಸ್ಸಿನ ಏರಿಳಿತವನ್ನೇ ಇಡೀ ಆಟವಾಗಿಸಿದರು. ಲೀಲಾವತಿ ಬೈಪಾಡಿತ್ತಾಯರು ತೆಂಕುತಿಟ್ಟಿನ ವೃತ್ತಿಮೇಳದಲ್ಲಿ ಜಾಗಟೆ ಹಿಡಿದು, ಗಂಡಸರದೇ ಆಗಿದ್ದ ಭಾಗವತಿಕೆಯ ಪೀಠದಲ್ಲಿ ಕೂತರು. ಕರಾವಳಿಯ ಊರೂರಲ್ಲಿ, ಬೆಂಗಳೂರಿನಲ್ಲಿ ಮಹಿಳಾ ತಂಡಗಳಿವೆ; ಹುಡುಗಿಯರು ಪುಂಡುವೇಷದಲ್ಲಿ ಧೀಂಗಿಣ ಹಾಕುತ್ತಾರೆ, ಬಣ್ಣದ ವೇಷಕ್ಕೂ ಮುಖ ಒಡ್ಡುತ್ತಾರೆ. ದೇವಸ್ಥಾನಗಳ ಹರಕೆ ಮೇಳಗಳಲ್ಲಿ ಮಾತ್ರ ದೇವಿಯ ಪಾತ್ರವೂ ಸೇರಿ ಎಲ್ಲ ಸ್ತ್ರೀವೇಷಗಳನ್ನು ಇಂದಿಗೂ ಗಂಡಸರೇ ಮಾಡುತ್ತಾರೆ.